ಸಿಗರೇಟು ಬಿಡೋ ಆ್ಯಪ್: ಹಾಕ್ಕೊಂಡ ಮೇಲೆ ಏನು ಮಾಡಬೇಕು?

ಮುಂಬಯಿ ಮಾಟುಂಗಾದ ಹೋಟೆಲಿನ ಗಲ್ಲಾದಲ್ಲಿ ಕೂತು ನೋಡ್ತಿರ್ತೀನಿ: ನಮ್ಮ ಹುಡುಗರು ಈ ಆ್ಯಪ್ ಹಾಕ್ಕೊಳ್ಳೋದೇ ಗುಟ್ಟಿಗೆ. ಡಾಕ್ಟರ ಹತ್ರ ಹೋದರೆ ಊರಿಗೆಲ್ಲ ಸುದ್ದಿ; ಫೋನು ಬಾಯಿಬಿಡಲ್ಲ.

ಮೊದಲು ಬಿಡುವ ತಾರೀಖು ಹಾಕಿ. ದಿನಕ್ಕೆಷ್ಟು ಸೇದ್ತೀರಿ, ಒಂದಕ್ಕೆಷ್ಟು ಬೆಲೆ, ನಿಜ ಬರೀರಿ. ಉಳಿತಾಯದ ಲೆಕ್ಕ ಅದರ ಮೇಲೇ ನಿಂತಿದೆ. (ಶ್ವಾಸಕೋಶದ ಚಿತ್ರಕ್ಕಿಂತ ರೂಪಾಯಿ ಬೇಗ ನಾಟುತ್ತೆ, ಏನಂತೀರಿ?) ನೆನಪಿನ ಗಂಟೆಯನ್ನು ಚಹಾ ಮುಗಿಯೋ ಹೊತ್ತಿಗೆ, ಲೋಕಲ್ ಟ್ರೇನ್ ಇಳಿಯೋ ಹೊತ್ತಿಗೆ ಇಡಿ, ಕೈ ಜೇಬಿಗೆ ಹೋಗೋದು ಆಗಲೇ. ಚಪಲ ಎದ್ದರೆ ಟೈಮರ್ ಒತ್ತಿ, ನೀರು ಕುಡೀರಿ. ಕೆಲವೇ ನಿಮಿಷದಲ್ಲಿ ಇಳಿಯುತ್ತೆ. ಆ್ಯಪ್ ನಿಮ್ಮ ಫೋನಿನ ಕಾಂಟ್ಯಾಕ್ಟ್ಸ್ ನೋಡೋಕೆ ಕೇಳಿದರೆ ಬೇಡ ಅನ್ನಿ.

ಸಾದಾ ಫೋನಿದ್ದವರು ಸರ್ಕಾರದ 011-22901701ಕ್ಕೆ ಮಿಸ್ಡ್ ಕಾಲ್ ಕೊಡಿ, ಬಿಡೋಕೆ ನೆರವಾಗೋ ಎಸ್ಸೆಮ್ಮೆಸ್ ಬರುತ್ತೆ. ಮಾತಾಡೋಕೆ 1800-11-2356, ಕಾಸಿಲ್ಲ.