ವೈದ್ಯಕೀಯ ಭೌತಶಾಸ್ತ್ರದ ಎಂ.ಎಸ್ಸಿ.: ಸೇರುವ ಮುನ್ನ, ಓದುವಾಗ
ಎಕ್ಸ್-ರೇ, ಸಿ.ಟಿ., ಎಂ.ಆರ್.ಐ. ಪಾಠಗಳು ವೈದ್ಯಕೀಯ ಭೌತಶಾಸ್ತ್ರದಲ್ಲೂ ಬಯೋಮೆಡಿಕಲ್ ಎಂಜಿನಿಯರಿಂಗ್‌ನಲ್ಲೂ ಇರುವುದರಿಂದ, ಯಾವುದನ್ನು ಓದಿದರೂ ಆಸ್ಪತ್ರೆಯ ಕೆಲಸ ಸಿಗುತ್ತದೆ ಎಂದು ಹಲವರು ಭಾವಿಸುತ್ತಾರೆ. ಭಾರತದಲ್ಲಿ ಹಾಗಿಲ್ಲ. ವಿಕಿರಣ ಚಿಕಿತ್ಸಾ ವಿಭಾಗದಲ್ಲಿ ಮೆಡಿಕಲ್ ಫಿಸಿಸಿಸ್ಟ್ (ರೋಗಿಗೆ ಕೊಡುವ ವಿಕಿರಣದ ಲೆಕ್ಕ, ಯಂತ್ರಗಳ ತಪಾಸಣೆ ನೋಡಿಕೊಳ್ಳುವವರು) ಆಗಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿ (ಎಇಆರ್‌ಬಿ) ಗೊತ್ತುಪಡಿಸಿದ ಅರ್ಹತೆ ಬೇಕು: ಭೌತಶಾಸ್ತ್ರವನ್ನು ಮುಖ್ಯ ವಿಷಯವಾಗಿ ಓದಿದ ವಿಜ್ಞಾನ ಪದವಿ, ವೈದ್ಯಕೀಯ ಭೌತಶಾಸ್ತ್ರದ ಎಂ.ಎಸ್ಸಿ., ಆಮೇಲೆ ಸುಸಜ್ಜಿತ ವಿಕಿರಣ ಚಿಕಿತ್ಸಾ ವಿಭಾಗದಲ್ಲಿ ಕನಿಷ್ಠ 12 ತಿಂಗಳ ಇಂಟರ್ನ್‌ಶಿಪ್. ಸಾಮಾನ್ಯ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದವರಿಗೆ ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಒಂದು ವರ್ಷದ ಡಿಪ್ಲೊಮಾ ಇನ್ನೊಂದು ದಾರಿ.

ಬಿ.ಇ. ಓದಿದವರಿಗೆ ಬಯೋಮೆಡಿಕಲ್ ಎಂ.ಟೆಕ್. ಹೆಚ್ಚು ಸಹಜವಾದದ್ದು; ಗೇಟ್ ಪರೀಕ್ಷೆಯಲ್ಲಿ 2020ರಿಂದ ಅದಕ್ಕೆ ಪ್ರತ್ಯೇಕ ಪತ್ರಿಕೆಯೇ ಇದೆ.

ಕಾಲೇಜನ್ನು ಆರಿಸುವಾಗ ಹೆಸರಿಗಿಂತ ಯಂತ್ರಗಳನ್ನು ನೋಡಿ. ಸಂಸ್ಥೆಗೆ ತನ್ನದೇ ಲೀನಿಯರ್ ಆಕ್ಸಿಲರೇಟರ್ (ವಿಕಿರಣ ಚಿಕಿತ್ಸೆ ಕೊಡುವ ಯಂತ್ರ) ಇದೆಯೇ, ಅಥವಾ ಬೇರೆ ಆಸ್ಪತ್ರೆಯೊಂದಿಗೆ ಒಪ್ಪಂದವಿದೆಯೇ, ರೋಗಿಗಳ ಚಿಕಿತ್ಸೆ ಮುಗಿದ ಮೇಲೆ ವಿದ್ಯಾರ್ಥಿಗಳಿಗೆ ಅಳತೆ ಮಾಡಲು ಬಿಡುತ್ತಾರೆಯೇ, ಹಿಂದಿನ ತಂಡದವರಿಗೆ ಇಂಟರ್ನ್‌ಶಿಪ್ ಎಲ್ಲಿ ಸಿಕ್ಕಿತು ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಹಿರಿಯ ವಿದ್ಯಾರ್ಥಿಗಳಿಂದ ಕೇಳಿ ತಿಳಿದುಕೊಳ್ಳಿ.

ಮೊದಲ ವರ್ಷದಲ್ಲಿ ಅತಿ ಹೆಚ್ಚು ಸಮಯವನ್ನು ಡೋಸಿಮೆಟ್ರಿಗೆ, ಅಂದರೆ ವಿಕಿರಣದ ಪ್ರಮಾಣವನ್ನು (ಡೋಸ್) ಅಳೆದು ಲೆಕ್ಕ ಹಾಕುವ ವಿದ್ಯೆಗೆ, ಕೊಡಬೇಕು. ಸೂತ್ರವನ್ನು ಬಾಯಿಪಾಠ ಮಾಡಿದರೆ ಪರೀಕ್ಷೆ ದಾಟಬಹುದು, ಆದರೆ ಡೋಸ್ ಲೆಕ್ಕ ತಪ್ಪಿದರೆ ಅದನ್ನು ಅನುಭವಿಸುವುದು ರೋಗಿಯ ದೇಹ. ಒಂದು ಉದಾಹರಣೆಯನ್ನು ನೋಡೋಣ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಟಿಆರ್‌ಎಸ್-398 ವಿಧಾನದಲ್ಲಿ ನೀರಿನ ತೊಟ್ಟಿಯೊಳಗೆ 10 ಸೆಂ.ಮೀ. ಆಳದಲ್ಲಿ ಅಯಾನ್ ಚೇಂಬರ್ (ಒಳಗಿನ ಗಾಳಿಯಲ್ಲಿ ವಿಕಿರಣ ಉಂಟುಮಾಡುವ ವಿದ್ಯುದಾವೇಶವನ್ನು ಸಂಗ್ರಹಿಸುವ ಸಾಧನ) ಇಟ್ಟು ಡೋಸ್ ಅಳೆಯುತ್ತಾರೆ. ಆ ಚೇಂಬರಿನೊಳಗಿನ ಗಾಳಿ ಹೊರಗಿನ ಗಾಳಿಯೊಂದಿಗೆ ಕೂಡಿಕೊಂಡಿರುವುದರಿಂದ, ವಾಯುಒತ್ತಡ ಇಳಿದಷ್ಟೂ ಒಳಗಿನ ಗಾಳಿಯ ದ್ರವ್ಯರಾಶಿ ಕಡಿಮೆಯಾಗಿ ಸಂಗ್ರಹವಾಗುವ ವಿದ್ಯುದಾವೇಶವೂ ತಗ್ಗುತ್ತದೆ. ಆಧಾರ ಸ್ಥಿತಿ 20 ಡಿಗ್ರಿ ಸೆಲ್ಸಿಯಸ್, 101.325 ಕಿಲೋಪಾಸ್ಕಲ್. ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಒತ್ತಡ 91 ಕಿಲೋಪಾಸ್ಕಲ್ ಆಸುಪಾಸಿನಲ್ಲಿರುವುದರಿಂದ, ಕೊಠಡಿಯ ತಾಪಮಾನ 22 ಡಿಗ್ರಿ ಇದ್ದರೆ ಅಳತೆಯನ್ನು ಗುಣಿಸಬೇಕಾದ ತಿದ್ದುಪಡಿ ಗುಣಕ ಸುಮಾರು 1.12 ಬರುತ್ತದೆ, ಮಂಗಳೂರಿನಲ್ಲಿ ಅದು 1ರ ಹತ್ತಿರವೇ ಇರುತ್ತದೆ. ಮೊಬೈಲ್‌ನ ಹವಾಮಾನ ಆ್ಯಪ್ ಸಾಮಾನ್ಯವಾಗಿ ಸಮುದ್ರ ಮಟ್ಟಕ್ಕೆ ಹೊಂದಿಸಿದ ಒತ್ತಡವನ್ನು ತೋರಿಸುತ್ತದೆ. ಅದನ್ನೇ ನಂಬಿ ಲೆಕ್ಕ ಹಾಕಿದರೆ ಅಳತೆ ಹತ್ತು ಶೇಕಡಾ ಕಡಿಮೆ ಬರುತ್ತದೆ, ಆ ಅಳತೆಗೆ ತಕ್ಕಂತೆ ಯಂತ್ರವನ್ನು ಹೊಂದಿಸಿದರೆ ರೋಗಿಗೆ ಅಷ್ಟು ಹೆಚ್ಚು ವಿಕಿರಣ ತಗಲುತ್ತದೆ. ಪ್ರತಿದಿನದ ತಪಾಸಣೆಯಲ್ಲಿ ಒಪ್ಪುವ ವ್ಯತ್ಯಾಸ ಕೇವಲ 3 ಶೇಕಡಾ ಎಂಬುದನ್ನು ನೆನೆದರೆ ಈ ತಪ್ಪಿನ ಗಾತ್ರ ತಿಳಿಯುತ್ತದೆ. ಆದ್ದರಿಂದ ಕೊಠಡಿಯಲ್ಲಿಟ್ಟ ಬ್ಯಾರೋಮೀಟರನ್ನೇ ಓದಿ, ಲೆಕ್ಕವನ್ನು ಕೈಯಲ್ಲಿ ಒಮ್ಮೆ, ಪೈಥಾನ್‌ನಲ್ಲಿ ಇನ್ನೊಮ್ಮೆ ಮಾಡಿ ತಾಳೆ ನೋಡಿ.

ಭೌತಶಾಸ್ತ್ರದಿಂದ ಬಂದವರು ಅಂಗರಚನಾಶಾಸ್ತ್ರವನ್ನು ಕಡೆಗಣಿಸುವುದನ್ನು ಕಂಡರೆ ಬೇಸರವಾಗುತ್ತದೆ. ಸಿ.ಟಿ. ಚಿತ್ರದಲ್ಲಿ ಬೆನ್ನುಹುರಿ, ಕಿವಿಯ ಬಳಿಯ ಪರೋಟಿಡ್ ಲಾಲಾಗ್ರಂಥಿ, ಗುದನಾಳಗಳನ್ನು ಗುರುತಿಸಲಾರದವರು ಚಿಕಿತ್ಸಾ ಯೋಜನೆಯನ್ನು ಪರಿಶೀಲಿಸುವುದಾದರೂ ಹೇಗೆ? ಬಯೋಮೆಡಿಕಲ್ ಆರಿಸಿದವರು ಇಸಿಜಿ ಆಂಪ್ಲಿಫೈಯರ್ ಒಂದನ್ನು ಸ್ವತಃ ಕಟ್ಟಲಿ. ಒಂದು ಮಿಲಿವೋಲ್ಟ್‌ನಷ್ಟಿರುವ ಹೃದಯದ ಸಂಕೇತವನ್ನು 50 ಹರ್ಟ್ಸ್‌ನ ವಿದ್ಯುತ್ ಗದ್ದಲದಿಂದ ಬೇರ್ಪಡಿಸುವಾಗ ಸಂಕೇತ ಸಂಸ್ಕರಣೆ ಚೆನ್ನಾಗಿ ಅರ್ಥವಾಗುತ್ತದೆ.

ಇಂಟರ್ನ್‌ಶಿಪ್ ಬಳಿಕ ವಿಕಿರಣ ಸುರಕ್ಷತಾ ಅಧಿಕಾರಿಯ ಪರೀಕ್ಷೆಯೂ ಇರುವುದರಿಂದ, ಎಇಆರ್‌ಬಿ ಸುರಕ್ಷತಾ ಸಂಹಿತೆಗಳನ್ನು ಎರಡನೆಯ ವರ್ಷದಲ್ಲೇ ಓದಲು ಆರಂಭಿಸಿ. ಇಂಟರ್ನ್‌ಶಿಪ್‌ಗಾಗಿ ಮೂರನೆಯ ಸೆಮಿಸ್ಟರ್‌ನಿಂದಲೇ ಆಸ್ಪತ್ರೆಗಳಿಗೆ ಪತ್ರ ಬರೆಯಿರಿ. ಅರ್ಜಿಯ ಜೊತೆಗೆ ನೀವೇ ಮಾಡಿದ ಅಳತೆಗಳ ದಾಖಲೆ ಪುಸ್ತಕದ ಪ್ರತಿಯನ್ನೂ ಇಡಿ, ಅಂಕಪಟ್ಟಿಗಿಂತ ಹಿರಿಯ ಫಿಸಿಸಿಸ್ಟ್‌ಗಳು ಮೊದಲು ಬಿಡಿಸಿ ನೋಡುವುದು ಅದನ್ನೇ.