ರೇಸ್ ಕಾರಿನ ಮೇಲಿನ ಹೆಸರು, ಎಂಜಿನ್ ಒಳಗಿನ ಆಯಿಲ್: ಸ್ಟಿಕ್ಕರ್ ಓದುವುದು ಹೇಗೆ?

ಎಂಜಿನ್ ಆಯಿಲ್ ಕೊಳ್ಳಲು ಹೋದಾಗ ಕಣ್ಣು ಮೊದಲು ಹೋಗುವುದು ರೇಸ್ ಕಾರಿನ ಚಿತ್ರ ಇರುವ ಡಬ್ಬದ ಕಡೆಗೆ. ಗಂಟೆಗೆ 300 ಕಿ.ಮೀ. ಮೀರಿ ಓಡುವ ಕಾರನ್ನೇ ಕಾಪಾಡುವ ಆಯಿಲ್, ನನ್ನ ಗಾಡಿಗೆ ಸಾಕಾಗದೇ ಇರುತ್ತದೆಯೇ? ಹಾಗನ್ನಿಸುವುದು ಸಹಜ.

ಈ ಲೆಕ್ಕದ ಕೆಳಗೆ ಎರಡು ಊಹೆಗಳಿವೆ. ಕಾರಿನ ಮೇಲೆ ಹೆಸರಿರುವ ಕಂಪನಿಯ ಆಯಿಲೇ ಎಂಜಿನ್ ಒಳಗೂ ಇದೆ ಅನ್ನುವುದು ಒಂದು. ಆ ಎಂಜಿನ್ ಒಳಗಿರುವುದೇ ಈ ಡಬ್ಬದಲ್ಲೂ ಇದೆ ಅನ್ನುವುದು ಇನ್ನೊಂದು. ಮೊದಲನೆಯದು ಎಷ್ಟೋ ಸಲ ನಿಜ. ಎರಡನೆಯದು ನಿಜವಾಗುವುದು ತುಂಬಾ ಅಪರೂಪ. ಇವೆರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸುವುದನ್ನು ಕಲಿತರೆ ರೇಸ್ ನೋಡುವುದೂ ಚೆಂದ, ಆಯಿಲ್ ಕೊಳ್ಳುವುದೂ ಸುಲಭ.

ಹೆಜ್ಜೆ 1: ಸ್ಟಿಕ್ಕರ್ ಯಾವ ಬಗೆಯದು ನೋಡಿ

ಎಲ್ಲ ಸ್ಟಿಕ್ಕರ್‌ಗಳ ಹಿಂದೆಯೂ ಒಂದೇ ಥರದ ಒಪ್ಪಂದ ಇರುವುದಿಲ್ಲ. ಅಮೆರಿಕದ ನಾಸ್ಕರ್ ಎಂಬ ರೇಸ್ ಸರಣಿಯ ಕಾರುಗಳ ಮುಂದಿನ ಚಕ್ರದ ಆಸುಪಾಸಿನಲ್ಲಿ ಪುಟ್ಟ ಸ್ಟಿಕ್ಕರ್‌ಗಳ ಒಂದು ಗುಂಪೇ ಇರುತ್ತದೆ. ಇವುಗಳಲ್ಲಿ ಬಹಳಷ್ಟು ಷರತ್ತಿನ ಬಹುಮಾನದವು. ಸ್ಟಿಕ್ಕರ್ ಅಂಟಿಸಿಕೊಂಡು, ಕಂಪನಿ ಹೇಳಿದ ಷರತ್ತು ಪೂರೈಸಿದರೆ ತಂಡಕ್ಕೆ ಹಣ. ಷರತ್ತು ಏನು ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ.

ಇನ್ನೊಂದು ಬಗೆ, ಇಡೀ ಸರಣಿಯ ‘ಅಧಿಕೃತ ಆಯಿಲ್’. ಮೊಬಿಲ್ 1 ನಾಸ್ಕರ್‌ನ ಅಧಿಕೃತ ಮೋಟಾರ್ ಆಯಿಲ್ ಆದದ್ದು 2003ರಲ್ಲಿ. ಹಾಗೆಂದು ಮೈದಾನದಲ್ಲಿರುವ ಪ್ರತಿ ಕಾರಿನಲ್ಲೂ ಅದೇ ಇದೆ ಎಂದು ಅರ್ಥವಲ್ಲ. ಆ ಬಿರುದು ಸರಣಿ ನಡೆಸುವವರ ಜೊತೆಗಿನ ಒಪ್ಪಂದ, ತಂಡಗಳ ಜೊತೆಗಿನದಲ್ಲ.

ಮೂರನೆಯದು ತಂಡದ ದೊಡ್ಡ ಪ್ರಾಯೋಜಕ. ಬಾನೆಟ್ ಮೇಲೆ, ಡ್ರೈವರ್ ಉಡುಪಿನ ಎದೆಯ ಮೇಲೆ ಇವರ ಹೆಸರು. ಇದು ಹಳೆಯ ನಂಟು. 1968ರಲ್ಲಿ ಫಾರ್ಮುಲಾ 1ಕ್ಕೆ ಸಿಗರೇಟು ಕಂಪನಿಗಳ ಹಣ ಬರುವ ಮೊದಲು ತಂಡಗಳಿಗೆ ದೊಡ್ಡ ಆಸರೆಯಾಗಿದ್ದುದೇ ಆಯಿಲ್ ಮತ್ತು ಟೈರ್ ಕಂಪನಿಗಳು. ಆ ದುಡ್ಡು ಇಲ್ಲದಿದ್ದರೆ ಎಷ್ಟೋ ತಂಡಗಳು ಟ್ರ್ಯಾಕಿಗೇ ಇಳಿಯುತ್ತಿರಲಿಲ್ಲ. ಪ್ರಾಯೋಜಕತ್ವ ಎಂದರೆ ಬರೀ ಮೋಸ ಎಂದು ಮೂಗು ಮುರಿಯುವವರು ಇದನ್ನು ಮರೆಯಬಾರದು.

ನಾಲ್ಕನೆಯದೇ ಬೇರೆ ಲೋಕ: ‘ಟೆಕ್ನಿಕಲ್ ಪಾರ್ಟ್ನರ್’. ಫೆರಾರಿ ಮತ್ತು ಶೆಲ್, ಮರ್ಸಿಡಿಸ್ ಮತ್ತು ಪೆಟ್ರೋನಾಸ್ ಸಂಬಂಧ ಇಂಥದು. ಇಲ್ಲಿ ಆಯಿಲ್ ಕಂಪನಿಯ ಕೆಮಿಸ್ಟ್‌ಗಳು ಎಂಜಿನ್ ವಿನ್ಯಾಸಕರ ಜೊತೆ ಕೂತು, ಆ ಒಂದು ಎಂಜಿನ್‌ಗೆಂದೇ ಆಯಿಲ್ ತಯಾರಿಸುತ್ತಾರೆ. ರೇಸ್ ನಡೆಯುವ ಜಾಗಕ್ಕೇ ಪುಟ್ಟ ಲ್ಯಾಬ್ ಕೊಂಡೊಯ್ಯುತ್ತಾರೆ. ಈ ಬಗೆಯ ಸ್ಟಿಕ್ಕರ್ ಕಂಡರೆ, ಒಳಗೂ ಅದೇ ಕಂಪನಿಯ ಆಯಿಲ್ ಇದೆ ಎಂದು ನಂಬಬಹುದು.

ಹೆಜ್ಜೆ 2: ಎಂಜಿನ್ ಕಟ್ಟಿದವರು ಯಾರು, ಅದನ್ನು ಹುಡುಕಿ

ಇದನ್ನು ಹೆಚ್ಚಿನ ಅಭಿಮಾನಿಗಳು ನೋಡುವುದೇ ಇಲ್ಲ. ನನ್ನ ಪ್ರಕಾರ ಸ್ಟಿಕ್ಕರ್‌ಗಿಂತ ಇದೇ ಮುಖ್ಯ. ಎಂಜಿನ್ ಒಡೆದರೆ ಹೆಸರು ಕೆಡುವುದು ಅದನ್ನು ಕಟ್ಟಿದವರದು. ಹಾಗಾಗಿ ಅವರು ಒಪ್ಪದ ಆಯಿಲ್ ಅದರೊಳಗೆ ಹೋಗುವುದು ಕಷ್ಟ.

ನಾಸ್ಕರ್ ಕಪ್‌ನ ಫೋರ್ಡ್ ತಂಡಗಳಿಗೆ ಎಂಜಿನ್ ಬರುವುದು ರೌಶ್ ಯೇಟ್ಸ್ ಎಂಬ ಒಂದೇ ಕಾರ್ಖಾನೆಯಿಂದ. ಕೆಲವು ವರ್ಷಗಳ ಹಿಂದಿನ ಸಾಲು ನೋಡಿ. ಪೆನ್ಸ್ಕಿ ತಂಡದ ಕಾರಿನ ಮೇಲೆ ಶೆಲ್-ಪೆನ್‌ಜಾಯಿಲ್, ರೌಶ್ ತಂಡದ ಕಾರಿನ ಮೇಲೆ ಕ್ಯಾಸ್ಟ್ರಾಲ್, ಸ್ಟುವರ್ಟ್-ಹಾಸ್ ಕಾರಿನ ಮೇಲೆ ಮೊಬಿಲ್ 1. ಎಂಜಿನ್ ಒಂದೇ ಮನೆಯದು, ಹೆಸರು ಮೂರು. ಹೊರಗಿನ ಹೆಸರಷ್ಟೇ ನೋಡಿ ಎಂಜಿನ್ ಬಗ್ಗೆ ತೀರ್ಮಾನಿಸಬಾರದು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಫಾರ್ಮುಲಾ 1ರಲ್ಲೂ ಹೀಗೆ ಆಗಿದೆ. 2014ರಲ್ಲಿ ಮೆಕ್ಲಾರೆನ್ ತಂಡ ಮರ್ಸಿಡಿಸ್ ಎಂಜಿನ್ ಹಾಕಿಕೊಂಡಿತ್ತು, ಆದರೆ ಅದರ ಆಯಿಲ್ ಒಪ್ಪಂದ ಮೊಬಿಲ್ ಜೊತೆಗಿತ್ತು. ಮರ್ಸಿಡಿಸ್‌ನ ಸ್ವಂತ ತಂಡ ಬಳಸುತ್ತಿದ್ದುದು ಪೆಟ್ರೋನಾಸ್. 2017ರಲ್ಲಿ ಮೊಬಿಲ್ ಮೆಕ್ಲಾರೆನ್ ಬಿಟ್ಟು ರೆಡ್ ಬುಲ್ ಕಡೆಗೆ ಹೋಯಿತು. ರೆಡ್ ಬುಲ್‌ನ ಎಂಜಿನ್ ಆಗ ರೆನೋದ್ದು. ರೆನೋದ ಸ್ವಂತ ತಂಡದ ಜೊತೆಗಿದ್ದುದು ಬಿಪಿ-ಕ್ಯಾಸ್ಟ್ರಾಲ್. ಒಪ್ಪಂದ ಮುಗಿದಾಗ ಅಭಿಮಾನಿಗಳ ‘ಗೆಲ್ಲುವ ಆಯಿಲ್’ ಕೂಡ ಇನ್ನೊಂದು ತಂಡಕ್ಕೆ ಹೋಗುತ್ತದೆ.

ಬೈಕ್ ರೇಸಿಂಗ್‌ನಿಂದ ಇನ್ನೂ ಸ್ಪಷ್ಟವಾದ ಉದಾಹರಣೆ ಕೊಡಬಹುದು. ಮೋಟೊಜಿಪಿಯಲ್ಲಿ ಸುಜುಕಿ ತಂಡದ ಪೂರ್ತಿ ಹೆಸರೇ ‘ಟೀಮ್ ಸುಜುಕಿ ಎಕ್‌ಸ್ಟಾರ್’ ಎಂದಿತ್ತು. ಎಕ್‌ಸ್ಟಾರ್ ಎಂದರೆ ಸುಜುಕಿಯದೇ ಆಯಿಲ್ ಬ್ರ್ಯಾಂಡ್. ಆದರೆ 2020ರಲ್ಲಿ ಜೋನ್ ಮಿರ್ ಚಾಂಪಿಯನ್ ಆದ ಆ ಬೈಕಿನ ಆಯಿಲ್ ಪಾರ್ಟ್ನರ್ ಆಗಿದ್ದುದು ಮೋಟುಲ್. ಎರಡು ಹೆಸರೂ ಬೈಕಿನ ಮೇಲೇ ಇದ್ದವು. ಯಾರೂ ಏನನ್ನೂ ಮುಚ್ಚಿಡಲಿಲ್ಲ. ನೋಡುವವರು ದೊಡ್ಡ ಅಕ್ಷರ ಓದಿ ನಿಲ್ಲಿಸಿದರು, ಅಷ್ಟೇ.

ಆಯಿಲ್ ಕಂಪನಿಗೆ ಕಾಯದೆ ತಾನೇ ಆಯಿಲ್ ಮಾಡಿಕೊಂಡ ತಂಡವೂ ಇದೆ. ಹಳೇ ಶೈಲಿಯ ಫ್ಲಾಟ್ ಟ್ಯಾಪೆಟ್ ಎಂಜಿನ್‌ಗಳಲ್ಲಿ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಯುವ ದಂಡ) ಬೇಗ ಸವೆಯುತ್ತಿತ್ತು. ಅದನ್ನು ತಡೆಯಲು ಜೋ ಗಿಬ್ಸ್ ರೇಸಿಂಗ್ ಎಂಬ ನಾಸ್ಕರ್ ತಂಡ ತನ್ನದೇ ಆಯಿಲ್ ರೂಪಿಸಿತು. ಆಮೇಲೆ ಅದನ್ನು ಹೊರಗೂ ಮಾರಿತು. ಇವತ್ತು ‘ಡ್ರಿವನ್’ ಎಂಬ ಹೆಸರಿನಲ್ಲಿ ಸಿಗುವುದು ಅದರ ಮುಂದುವರಿಕೆಯೇ.

ಹೆಜ್ಜೆ 3: ರೇಸ್ ಆಯಿಲ್‌ನ ಕೆಲಸವೇನು, ಅರ್ಥ ಮಾಡಿಕೊಳ್ಳಿ

ಈಗ ಎರಡನೇ ಊಹೆಗೆ ಬರೋಣ. ಒಳಗೆ ಅದೇ ಕಂಪನಿಯ ಆಯಿಲ್ ಇದೆ ಎಂದೇ ಇಟ್ಟುಕೊಳ್ಳಿ. ಆದರೂ ಅದು ಅಂಗಡಿಯ ಡಬ್ಬದಲ್ಲಿರುವುದಲ್ಲ.

ಫಾರ್ಮುಲಾ 1 ಎಂಜಿನ್ 1.6 ಲೀಟರಿನ ಪುಟ್ಟ ಟರ್ಬೊ, ನಿಮಿಷಕ್ಕೆ 15,000 ಸುತ್ತಿನವರೆಗೆ ತಿರುಗಲು ಅನುಮತಿ ಇರುವಂಥದು. ಸ್ಟಾರ್ಟ್ ಮಾಡುವ ಮೊದಲೇ ಹೊರಗಿನ ಹೀಟರ್‌ನಿಂದ ಆಯಿಲ್ ಮತ್ತು ಕೂಲಂಟ್ ಬಿಸಿ ಮಾಡುತ್ತಾರೆ. ಹಾಗಾಗಿ ಆ ಆಯಿಲ್‌ಗೆ ತಣ್ಣನೆಯ ಬೆಳಗ್ಗೆ ಸ್ಟಾರ್ಟ್ ಆಗುವ ಚಿಂತೆಯೇ ಇಲ್ಲ. ಅದು ಆದಷ್ಟು ತೆಳುವಾಗಿದ್ದರೆ ಒಳಗಿನ ಎಳೆತ ಕಡಿಮೆ, ಚಕ್ರಕ್ಕೆ ಸಿಗುವ ಶಕ್ತಿ ಜಾಸ್ತಿ. ಕೆಲವು ತಂಡಗಳು ಆಯಿಲ್ ಸಿಲಿಂಡರಿಗೆ ಹೋಗಿ ಇಂಧನದ ಜೊತೆ ಉರಿಯುವಂತೆ ಮಾಡಿ ಶಕ್ತಿ ಪಡೆಯುತ್ತಿವೆ ಎಂಬ ಗುಮಾನಿ ಎದ್ದು, ನಿಯಮಗಳೇ ಬಿಗಿಯಾದವು. 2018ರಲ್ಲಿ 100 ಕಿ.ಮೀ.ಗೆ 0.6 ಲೀಟರ್ ಆಯಿಲ್ ಬಳಕೆಯ ಮಿತಿ ಇತ್ತು. 2020ರಲ್ಲಿ ಅದು 0.3 ಲೀಟರಿಗೆ ಇಳಿಯಿತು.

ಡ್ರ್ಯಾಗ್ ರೇಸಿನ ಟಾಪ್ ಫ್ಯೂಯೆಲ್ ಕಾರುಗಳಿಗೆ ಬೇಕಾದದ್ದು ಇದಕ್ಕೆ ಪೂರ್ತಿ ಉಲ್ಟಾ. ಅವುಗಳ ಇಂಧನ ನೈಟ್ರೊಮೀಥೇನ್. ಅದು ಪಿಸ್ಟನ್ ರಿಂಗ್ ದಾಟಿ ಆಯಿಲ್‌ಗೆ ಸೇರಿ ಅದನ್ನು ತೆಳು ಮಾಡುತ್ತದೆ. ಅದಕ್ಕೇ 60, 70 ಗ್ರೇಡಿನ ದಪ್ಪ ಆಯಿಲ್ ಹಾಕುತ್ತಾರೆ. ಓಟ ಮುಗಿಯುವುದು ಕೆಲವೇ ಸೆಕೆಂಡುಗಳಲ್ಲಿ. ಪ್ರತಿ ಓಟದ ಮೇಲೂ ಎಂಜಿನ್ ಬಿಚ್ಚುತ್ತಾರೆ, ಆಯಿಲ್ ಬದಲಿಸುತ್ತಾರೆ. ಎರಡೂ ‘ರೇಸ್ ಆಯಿಲ್’ಗಳೇ. ಆದರೆ ಒಂದನ್ನು ತೆಗೆದು ಇನ್ನೊಂದಕ್ಕೆ ಹಾಕಿದರೆ ಎಂಜಿನ್ ಉಳಿಯುವುದಿಲ್ಲ.

ಹಿಂದೆ ರೇಸ್ ಎಂಜಿನ್‌ಗಳಿಗೆ ಹರಳೆಣ್ಣೆಯನ್ನೂ ಹಾಕುತ್ತಿದ್ದರು. ಲೋಹದ ಮೇಲೆ ಅದರ ಪೊರೆ ಗಟ್ಟಿ, ಬಿಸಿಯನ್ನೂ ತಡೆಯುತ್ತಿತ್ತು. ಆದರೆ ಬಿಟ್ಟರೆ ಒಳಗೆಲ್ಲ ಅಂಟಂಟಾಗಿ ಕೂರುತ್ತಿತ್ತು. ಮೇಲಿಂದ ಮೇಲೆ ಎಂಜಿನ್ ಬಿಚ್ಚುವವರಿಗೆ ಅದು ಸಮಸ್ಯೆಯೇ ಅಲ್ಲ. ದಿನಾ ಓಡಿಸುವವರಿಗೆ ದೊಡ್ಡ ತಲೆನೋವು.

ಇಂದಿನ ರೇಸ್ ಆಯಿಲ್‌ಗಳಲ್ಲೂ ಇದೇ ವ್ಯತ್ಯಾಸ ಇದೆ. ಸವೆತ ತಡೆಯುವ ಜಿಂಕ್ ಮತ್ತು ರಂಜಕದ ಅಂಶ ಬಹಳಷ್ಟು ರೇಸ್ ಆಯಿಲ್‌ಗಳಲ್ಲಿ ಜಾಸ್ತಿ. ಒಳಭಾಗ ತೊಳೆಯುವ, ಆಮ್ಲವನ್ನು ತಣಿಸುವ ಅಂಶ ಕಡಿಮೆ. ಯಾಕೆಂದರೆ ಅವು ತಿಂಗಳುಗಟ್ಟಲೆ ಎಂಜಿನ್‌ನಲ್ಲಿ ಇರುವುದಿಲ್ಲ. ರಸ್ತೆ ಕಾರಿನ ಆಯಿಲ್ ಅಷ್ಟು ಕಾಲ ಇರಬೇಕು. ಜೊತೆಗೆ ರಂಜಕ ಹೆಚ್ಚಾದರೆ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಅದಕ್ಕೇ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ನಿಗದಿ ಮಾಡಿದ ‘ಎಸ್‌ಪಿ’ ಗುಣಮಟ್ಟದಲ್ಲಿ 5ಡಬ್ಲ್ಯೂ-30ರಂಥ ಗ್ರೇಡ್‌ಗಳಿಗೆ ರಂಜಕ ಶೇ 0.08 ಮೀರುವಂತಿಲ್ಲ.

ಹಾಗಾದರೆ ರೇಸ್‌ನಲ್ಲಿ ಕಲಿತದ್ದು ನಮಗೆ ಬರುವುದೇ ಇಲ್ಲವೇ? ಖಂಡಿತ ಬರುತ್ತದೆ. ಬೇಸ್ ಆಯಿಲ್ (ಬೇರೆ ಅಂಶಗಳನ್ನು ಬೆರೆಸುವ ಮೂಲ ಎಣ್ಣೆ), ತೆಳು ಆಯಿಲ್‌ನಲ್ಲೂ ಸವೆತ ತಡೆಯುವ ಉಪಾಯ, ಪರೀಕ್ಷಾ ವಿಧಾನ ಇವೆಲ್ಲ ನಿಧಾನವಾಗಿ ಇಳಿದು ಬರುತ್ತವೆ. ಜ್ಞಾನ ಬರುತ್ತದೆ, ಅದೇ ಆಯಿಲ್ ಬರುವುದಿಲ್ಲ.

ಹೆಜ್ಜೆ 4: ಡಬ್ಬ ತಿರುಗಿಸಿ ಹಿಂಭಾಗ ಓದಿ

ನಿಮ್ಮ ಗಾಡಿಯ ಮ್ಯಾನ್ಯುಯಲ್ ತೆಗೆದು ಎರಡು ವಿಷಯ ಬರೆದುಕೊಳ್ಳಿ: ಯಾವ ಗ್ರೇಡ್, ಯಾವ ಮಾನದಂಡ. 5ಡಬ್ಲ್ಯೂ-30 ಅನ್ನುವುದು ಗ್ರೇಡ್. ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಹೇಗೆ ಹರಿಯುತ್ತದೆ ಎಂದು ಹೇಳುತ್ತದೆ, ಎರಡನೆಯದು ಬಿಸಿಯಾದಾಗ ಎಷ್ಟು ದಪ್ಪ ಎಂದು. ಅಮೆರಿಕದ ಎಪಿಐ, ಯುರೋಪಿನ ಎಸಿಇಎ, ಜಪಾನಿನ ಜಾಸೊ ಇವು ಮಾನದಂಡಗಳು.

ಡಬ್ಬದ ಮೇಲೆ ‘ಅನುಮೋದನೆ ಪಡೆದಿದೆ’ ಎಂದಿದೆಯೋ, ‘ಬಳಸಲು ಸೂಕ್ತ’ ಎಂದಿದೆಯೋ ಗಮನಿಸಿ. ಅನುಮೋದನೆ ಎಂದರೆ ಕಾರು ತಯಾರಕರೇ ಪರೀಕ್ಷೆಯ ಫಲಿತಾಂಶ ನೋಡಿ ಒಪ್ಪಿದ್ದಾರೆ ಎಂದು. ‘ಸೂಕ್ತ’ ಎಂದರೆ ಆಯಿಲ್ ಕಂಪನಿ ತಾನೇ ಕೊಡುವ ಭರವಸೆ. ಎರಡನೆಯದು ಸುಳ್ಳು ಎಂದಲ್ಲ, ಆದರೆ ವಾರಂಟಿ ಇರುವ ಕಾರಿಗೆ ನಾನು ಮೊದಲನೆಯದನ್ನೇ ಹುಡುಕುತ್ತೇನೆ. ಎಪಿಐ ಪರವಾನಗಿ ಇರುವ ಆಯಿಲ್‌ಗಳ ಪಟ್ಟಿಯನ್ನು ಅದರ ವೆಬ್‌ಸೈಟಿನಲ್ಲೇ ಹುಡುಕಬಹುದು.

ಬೈಕಿನವರು ಒಂದು ಮಾತು ನೆನಪಿಡಿ. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಕೂಡ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ. ಕಾರಿಗೆಂದು ಮಾಡಿದ, ಇಂಧನ ಉಳಿಸುವ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು. ಅದಕ್ಕೇ ಜಾಸೊ ಎಂಎ ಅಥವಾ ಎಂಎ2 ಗುರುತು ನೋಡಿ. ಡಬ್ಬದ ಮೇಲೆ ಯಾವ ಚಾಂಪಿಯನ್ ಚಿತ್ರ ಇದ್ದರೂ ಈ ಗುರುತು ಇಲ್ಲದಿದ್ದರೆ ಕೆಳಗಿಡಿ.

ಹೆಜ್ಜೆ 5: ನಿಜವಾದ ರೇಸ್ ಆಯಿಲೇ ಬೇಕೆಂದರೆ

ಕೆಲವು ಸಿಗುತ್ತವೆ. 1971ರಲ್ಲಿ ಬಂದ, ಎಸ್ಟರ್ (ಒಂದು ಬಗೆಯ ಸಿಂಥೆಟಿಕ್ ಮೂಲ ಎಣ್ಣೆ) ಆಧಾರಿತ ಮೋಟುಲ್ 300ವಿ ಅಂಗಡಿಯಲ್ಲೇ ಕೊಳ್ಳಬಹುದಾದ ರೇಸ್ ಆಯಿಲ್. ಮೇಲೆ ಹೇಳಿದ ಡ್ರಿವನ್ ಕೂಡ. ಇಂಥ ಎಷ್ಟೋ ಆಯಿಲ್‌ಗಳ ಮೇಲೆ ಎಪಿಐ ಗುರುತು ಇರುವುದಿಲ್ಲ. ಅದು ಕಳಪೆಯ ಲಕ್ಷಣವಲ್ಲ. ರಸ್ತೆ ಕಾರಿನ ಮಿತಿಗಳಿಗೆ ಬಗ್ಗದೆ ಮಾಡಿದ್ದಾರೆ ಎಂದು ಅರ್ಥ. ಸುಮ್ನೆ ಆಫೀಸಿಗೆ ಹೋಗಿ ಬರುವ ಗಾಡಿಗೆ ಇದನ್ನು ಹಾಕಿ ವರ್ಷಗಟ್ಟಲೆ ಬಿಡುವುದು ತಪ್ಪು. ಟ್ರ್ಯಾಕಿನಲ್ಲಿ ಓಡಿಸುವ ಗಾಡಿಗೆ ಹಾಕಿ, ಬೇಗ ಬೇಗ ಬದಲಿಸಿದರೆ ಬೆಲೆಗೆ ತಕ್ಕ ಕೆಲಸ ಮಾಡುತ್ತದೆ.

ತಂಡಗಳಿಂದ ನಿಜಕ್ಕೂ ಕಲಿಯಬೇಕಾದ ಅಭ್ಯಾಸ ಒಂದಿದೆ. ಅವರು ಹೊಸ ಆಯಿಲ್‌ಗಿಂತ ಹಳೆ ಆಯಿಲ್ ಮೇಲೆ ಹೆಚ್ಚು ಗಮನ ಇಡುತ್ತಾರೆ. ಓಡಿದ ಎಂಜಿನ್‌ನಿಂದ ಸ್ವಲ್ಪ ಆಯಿಲ್ ತೆಗೆದು ಅದರಲ್ಲಿ ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಎಷ್ಟಿದೆ ಅಳೆಯುತ್ತಾರೆ. ತಾಮ್ರ ಒಮ್ಮೆಲೇ ಏರಿದರೆ ಬೇರಿಂಗ್ ಮೇಲೆ ಸಂಶಯ. ಅಲ್ಯೂಮಿನಿಯಂ ಏರಿದರೆ ಪಿಸ್ಟನ್ ಕಡೆ ನೋಡುತ್ತಾರೆ.

ಈ ಪರೀಕ್ಷೆ ಮಾಡಿಕೊಡುವ ಲ್ಯಾಬ್‌ಗಳು ಸಾಮಾನ್ಯ ಜನರಿಗೂ ಸಿಗುತ್ತವೆ. ಎಂಜಿನ್ ಬಿಸಿಯಿರುವಾಗ, ಆಯಿಲ್ ಹರಿದು ಹೋಗುತ್ತಿರುವ ಮಧ್ಯದಲ್ಲಿ, ಒಣಗಿದ ಶುಭ್ರ ಬಾಟಲಿಗೆ ಸ್ಯಾಂಪಲ್ ಹಿಡಿಯಿರಿ. ಮೊದಲು ಸುರಿಯುವ ಧಾರೆ ಬೇಡ, ತಳದ ಕೊಳೆ ಅದರಲ್ಲೇ ಬರುತ್ತದೆ. ಬಾಟಲಿಯ ಮೇಲೆ ಆಯಿಲ್ ಹೆಸರು, ಗ್ರೇಡ್, ಅದು ಎಷ್ಟು ಕಿ.ಮೀ. ಓಡಿದೆ ಎಂದು ಬರೆಯಿರಿ. ಒಂದೇ ವರದಿ ನೋಡಿ ಆಯಿಲ್ ಬದಲಿಸಲು ಹೋಗಬೇಡಿ. ಅದೇ ಆಯಿಲ್‌ನಲ್ಲಿ ಅಷ್ಟೇ ದೂರ ಇನ್ನೊಮ್ಮೆ ಓಡಿಸಿ, ಎರಡನೇ ಸ್ಯಾಂಪಲ್ ಕಳಿಸಿ, ಎರಡರ ಅಂಕಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ.