ಆಟಿ ಮಳೆಯಲ್ಲಿ ಕೊಡೆ ಹಿಡಿದು ನೋಡಿದ ಜಾಗ

ನಮ್ಮ ಮಂಗಳೂರಿನಲ್ಲಿ ಮನೆ ಕಟ್ಟಲು ಜಾಗ ನೋಡುವ ಸೀಸನ್ ಅಂದರೆ ಡಿಸೆಂಬರ್‌ನಿಂದ ಮಾರ್ಚ್. ಆಗ ಯಾವ ಲೇಔಟ್‌ಗೆ ಹೋದರೂ ಚಂದವೇ. ಕೆಂಪು ಮಣ್ಣು ಸಮತಟ್ಟು ಮಾಡಿರುತ್ತಾರೆ, ಮೂಲೆ ಮೂಲೆಗೆ ಸುಣ್ಣ ಬಳಿದ ಕಲ್ಲು ನೆಟ್ಟಿರುತ್ತಾರೆ, ಹೊಸ ಡಾಂಬರು ಮಿರಮಿರ ಹೊಳೆಯುತ್ತಿರುತ್ತದೆ. ನಾನು ಮತ್ತು ನಮ್ಮವರು 2023ರ ಜನವರಿಯಲ್ಲಿ ಹುಡುಕಲು ಶುರು ಮಾಡಿದೆವು. ಮೂರನೇ ಭಾನುವಾರಕ್ಕೇ ಒಂದು ಜಾಗ ಮನಸ್ಸಿಗೆ ಹಿಡಿಯಿತು. ಎಂಟು ಸೆಂಟ್ಸ್, ಪೂರ್ವಕ್ಕೆ ಮುಖ, ಬಸ್‌ಸ್ಟ್ಯಾಂಡಿಗೆ ಹತ್ತು ನಿಮಿಷ. ಮರುದಿನ ಅಡ್ವಾನ್ಸ್ ಕೊಡುವುದು ಅಂತಲೇ ಆಗಿತ್ತು.

ಹೊರಡುವಾಗ ಬಾಯಾರಿಕೆ ಅಂತ ಲೇಔಟ್‌ನ ಬೇಲಿಗೆ ತಾಗಿದ ಹಂಚಿನ ಮನೆಗೆ ಹೋದೆ. ಜಗಲಿಯಲ್ಲಿ ಒಬ್ಬರು ಅಜ್ಜಿ ಬೀಡಿ ಕಟ್ಟುತ್ತಾ ಕೂತಿದ್ದರು. ನೀರು ಕೊಟ್ಟು, ಯಾವ ಊರು, ಯಾರ ಮನೆಯವಳು ಅಂತೆಲ್ಲ ವಿಚಾರಿಸಿ, ಕೊನೆಗೆ ಸಹಜವಾಗಿ ಒಂದು ಮಾತು ಹೇಳಿದರು: "ಮೂಲು ದುಂಬು ಕಂಡ ಇತ್ತ್ಂಡ್ ಮಗಾ." ಇಲ್ಲಿ ಮೊದಲು ಗದ್ದೆ ಇತ್ತು ಅಂತ. ಅವರೇ ನೇಜಿ (ಭತ್ತದ ಸಸಿ) ನೆಟ್ಟ ಗದ್ದೆಯಂತೆ.

ಬ್ರೋಕರ್ ಹತ್ತಿರ ಕೇಳಿದೆವು. "ಸ್ವಲ್ಪ ಮಣ್ಣು ಹಾಕಿದ್ದೇವೆ ಅಕ್ಕ, ಅಷ್ಟೇ" ಅಂದರು. ಸ್ವಲ್ಪ ಅಂದರೆ ಎಷ್ಟು? ಗುಂಡಿ ತೋಡಿ ನೋಡಬಹುದಾ ಅಂತ ಕೇಳಿದ್ದಕ್ಕೆ ಒಪ್ಪಿದರು, ಅದು ಅವರ ಒಳ್ಳೆಯತನ. ಮುಂದಿನ ಭಾನುವಾರ ಒಬ್ಬ ಕೆಲಸದವರನ್ನು ಕರೆದುಕೊಂಡು ಹೋಗಿ ಪಿಕ್ಕಾಸಿನಿಂದ ಜಾಗದ ನಡುವೆ ಗುಂಡಿ ತೆಗೆಸಿದೆವು. ಮೊದಲ ಒಂದೂವರೆ ಅಡಿ ಚೆಂದದ ಕೆಂಪು ಮಣ್ಣು. ಅದರ ಕೆಳಗೆ ಒಡೆದ ಹಂಚು, ಸಿಮೆಂಟು ಚೂರು, ಒಂದು ಹರಿದ ಪ್ಲಾಸ್ಟಿಕ್ ಗೋಣಿ. ಐದು ಅಡಿ ದಾಟಿದ ಮೇಲೆ ಕಪ್ಪು ಮಣ್ಣು ಬಂತು. ಕೈಯಲ್ಲಿ ಹಿಡಿದರೆ ತಣ್ಣಗೆ, ಅಂಟಂಟು, ಗದ್ದೆಯ ವಾಸನೆ. ಜನವರಿಯಲ್ಲೂ ಅದು ಒದ್ದೆಯೇ ಇತ್ತು.

ಹೀಗೆ ತುಂಬಿಸಿದ ಮಣ್ಣು ವರ್ಷಗಟ್ಟಲೆ ಕೂರುತ್ತಲೇ ಇರುತ್ತದೆ, ಅದೂ ಒಂದೇ ಸಮನಾಗಿ ಅಲ್ಲ, ಒಂದು ಮೂಲೆ ಇಳಿದು ಇನ್ನೊಂದು ನಿಂತರೆ ಗೋಡೆ ಬಿರುಕು ಬಿಡುತ್ತದೆ. ಕಟ್ಟಬಾರದು ಅಂತ ಇಲ್ಲ. ಆದರೆ ಪಂಚಾಂಗ, ಅಂದರೆ ಮನೆಯ ಅಡಿಪಾಯ, ತುಂಬಿಸಿದ ಮಣ್ಣನ್ನು ದಾಟಿ ಕೆಳಗಿನ ಗಟ್ಟಿ ನೆಲಕ್ಕೆ ಮುಟ್ಟಬೇಕು, ಕಾಲಂ ಹಾಕಬೇಕು. ನಮ್ಮ ಪರಿಚಯದ ಇಂಜಿನಿಯರ್ ಆ ಖರ್ಚು ಲೆಕ್ಕ ಹಾಕಿ ಹೇಳಿದಾಗ ಜಾಗ ಅಗ್ಗ ಅನ್ನಿಸಿದ್ದೆಲ್ಲ ಅಲ್ಲಿಗೇ ಮುಗಿಯಿತು. ಆಮೇಲೆ ನಾವು ಯಾವ ಲೇಔಟ್‌ಗೆ ಹೋದರೂ ಮೊದಲು ಕೇಳಿದ್ದು ಹಳೆಯ ಆರ್‌ಟಿಸಿ, ಅಂದರೆ ಪಹಣಿ. ನಮ್ಮ ಜಿಲ್ಲೆಯ ಹಳೆಯ ದಾಖಲೆಯಲ್ಲಿ ನಂಜ ಅಂತ ಇದ್ದರೆ ಅದು ಗದ್ದೆ, ಬಾಗಾಯ್ತು ಅಂದರೆ ತೋಟ, ಪುಂಜ ಅಂದರೆ ಒಣ ಜಾಗ. ಕೃಷಿ ಜಾಗ ಮನೆ ಕಟ್ಟುವ ಜಾಗವಾಗಿ ಕನ್ವರ್ಷನ್ ಆದ ಮೇಲಿನ ಕಾಗದ ಮಾತ್ರ ನೋಡಿದರೆ ಇದು ಗೊತ್ತಾಗುವುದಿಲ್ಲ.

ಜುಲೈಯಲ್ಲಿ, ತುಳುವರ ಆಟಿ ತಿಂಗಳ ಜಡಿಮಳೆಯಲ್ಲಿ, ನಾವು ಪಟ್ಟಿ ಮಾಡಿದ್ದ ಐದು ಲೇಔಟ್‌ಗಳಿಗೂ ಮತ್ತೆ ಹೋದೆವು. ಬ್ರೋಕರ್ ಇಲ್ಲದೆ, ಸುಮ್ನೆ ಕೊಡೆ ಹಿಡಿದುಕೊಂಡು. ಆ ಗದ್ದೆ ಲೇಔಟ್‌ನಲ್ಲಿ ಗೇಟಿನ ಹತ್ತಿರವೇ ಪಾದ ಮುಳುಗುವಷ್ಟು ನೀರು. ಹಿಂದೆ ಅಲ್ಲಿ ಒಂದು ತೋಡು (ಸಣ್ಣ ಹಳ್ಳ) ಇತ್ತು, ಅದನ್ನು ಎರಡು ಅಡಿ ಅಗಲದ ಪೈಪ್ ಒಳಗೆ ಹಾಕಿದ್ದರು. ಮೇಲಿನ ಗುಡ್ಡದ ನೀರೆಲ್ಲ ಆ ಪೈಪಿಗೆ ಸಾಲುವುದು ಹೇಗೆ? ಜನವರಿಯಲ್ಲಿ ಆ ಪೈಪ್ ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಸರಿ, ತಗ್ಗು ಬೇಡ, ಎತ್ತರ ಆಗಲಿ ಅಂದುಕೊಂಡರೆ ಅಲ್ಲಿ ಬೇರೆಯೇ ಕಥೆ. ನೀರುಮಾರ್ಗ, ವಾಮಂಜೂರು, ಕೊಣಾಜೆ ಕಡೆ ಎಲ್ಲ ಗುಡ್ಡ. ಗುಡ್ಡವನ್ನು ಜೆಸಿಬಿಯಲ್ಲಿ ಮೆಟ್ಟಿಲಿನ ಹಾಗೆ ಕತ್ತರಿಸಿ ಸೈಟ್ ಮಾಡುತ್ತಾರೆ. ಕತ್ತರಿಸಿದ ಮೇಲೆ ಗೋಡೆಯ ಹಾಗೆ ನಿಲ್ಲುವ ದರೆಯನ್ನು ಹತ್ತಿರ ಹೋಗಿ ನೋಡಿ. ಮೇಲೆ ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಇರುತ್ತದೆ, ಅದು ಗಟ್ಟಿ. ಅದರ ಕೆಳಗೆ ಬಿಳಿ, ಗುಲಾಬಿ, ಹಳದಿ ಬಣ್ಣದ ಮೆತ್ತಗಿನ ಮಣ್ಣು ಕಂಡರೆ ಅದೇ ಶೇಡಿ ಮಣ್ಣು. ಬೇಸಿಗೆಯಲ್ಲಿ ಉಗುರಿನಿಂದ ಕೆರೆದರೆ ಹುಡಿ ಬೀಳುತ್ತದೆ, ನೋಡಲು ಗಟ್ಟಿ. ಮಳೆ ನೀರು ಇಳಿದರೆ ಸಾಬೂನಿನ ಹಾಗೆ ಜಾರುತ್ತದೆ, ಮೇಲಿನ ಕಲ್ಲನ್ನೂ ಎಳೆದುಕೊಂಡು ಬರುತ್ತದೆ. ನಾವು ನೋಡಿದ ಒಂದು ಸೈಟ್‌ನ ಹಿಂದೆ ಹದಿನೆಂಟು ಅಡಿ ದರೆ, ನೆಟ್ಟಗೆ ಕತ್ತರಿಸಿದ್ದು, ಕೆಳಗಿನ ಅರ್ಧ ಪೂರ್ತಿ ಶೇಡಿ. ನಮ್ಮವರಿಗೆ ಅಲ್ಲಿಂದ ಕಾಣುವ ದೃಶ್ಯ ತುಂಬಾ ಇಷ್ಟವಾಗಿತ್ತು. ನಾನು ಒಪ್ಪಲಿಲ್ಲ. 2025ರ ಮೇ 30ರಂದು ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡ ಮನೆಯ ಮೇಲೆ ಜರಿದು ಮಕ್ಕಳು ತೀರಿಕೊಂಡ ಸುದ್ದಿ ಬಂದ ದಿನ ನಾವಿಬ್ಬರೂ ಆ ದರೆಯನ್ನು ನೆನಪು ಮಾಡಿಕೊಂಡು ಬಹಳ ಹೊತ್ತು ಮಾತಾಡಲಿಲ್ಲ.

ಗುಡ್ಡದ ಸೈಟ್‌ನಲ್ಲಿ ಇನ್ನೊಂದು ವಿಷಯ ಇದೆ, ಯಾರೂ ಹೇಳುವುದಿಲ್ಲ. ಒಂದು ಸೆಂಟ್ ಅಂದರೆ 435.6 ಚದರ ಅಡಿ. ಬೆಂಗಳೂರಿನವರ 30×40 ಸೈಟ್ ನಮ್ಮ ಲೆಕ್ಕದಲ್ಲಿ ಎರಡೂಮುಕ್ಕಾಲು ಸೆಂಟ್. ಆದರೆ ನಿಮ್ಮ ಎಂಟು ಸೆಂಟ್ಸ್‌ನಲ್ಲಿ ದರೆಯೂ ಸೇರಿರುತ್ತದೆ! ನಾವು ಟೇಪ್ ಹಿಡಿದು ಸಮತಟ್ಟಾದ ಭಾಗವನ್ನು ಮಾತ್ರ ಅಳೆದಾಗ ಒಂದು ಕಡೆ ಎಂಟಕ್ಕೆ ಆರೂಕಾಲು ಸಿಕ್ಕಿತು. ಉಳಿದದ್ದಕ್ಕೂ ಅದೇ ರೇಟು. ಮೇಲಿಂದ ತಡೆಗೋಡೆಯ ಖರ್ಚೂ ನಮ್ಮದೇ.

ಕಾಗದಪತ್ರದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ವಕೀಲರಿಗೆ ತೋರಿಸಲೇಬೇಕು. ಕನ್ವರ್ಷನ್ ಆದೇಶ, ಮೂಡಾದ (ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ) ಲೇಔಟ್ ನಕ್ಷೆ, ಪಂಚಾಯತ್ ಆದರೆ 9/11 (ನಮೂನೆ 9 ಮತ್ತು 11), ಇ.ಸಿ. (ಋಣಭಾರ ಪ್ರಮಾಣಪತ್ರ) ಇವನ್ನು ಎಲ್ಲರೂ ಕೇಳುತ್ತಾರೆ. 500 ಚದರ ಮೀಟರ್‌ಗಿಂತ ದೊಡ್ಡ ಲೇಔಟ್ ಆದರೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗಿರಬೇಕು. 500 ಚದರ ಮೀಟರ್ ಅಂದರೆ ಬರೀ ಹನ್ನೆರಡು ಸೆಂಟ್ಸ್ ಚಿಲ್ಲರೆ, ಹಾಗಾಗಿ ಹೆಚ್ಚಿನ ಲೇಔಟ್‌ಗಳು ಅದರೊಳಗೆ ಬರುತ್ತವೆ. ಆ ಜಾಗದಲ್ಲಿ ನಾಗಬನ, ದೈವದ ಕಲ್ಲು ಏನಾದರೂ ಇತ್ತಾ ಅಂತ ಊರಿನ ಹಿರಿಯರಲ್ಲಿ ಕೇಳಿ. ಅದು ರಿಜಿಸ್ಟ್ರೇಷನ್ ಕಾಗದದಲ್ಲಿ ಬರುವ ವಿಷಯ ಅಲ್ಲ ಅಲ್ವಾ.

ಆದರೆ ಕುಮ್ಕಿ ಬಗ್ಗೆ ಹೇಳಲೇಬೇಕು. ವರ್ಗ ಜಾಗದ, ಅಂದರೆ ಖಾಸಗಿ ಪಟ್ಟಾ ಜಾಗದ, ಅಂಚಿನಿಂದ 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಹುಲ್ಲಿಗೆ ವರ್ಗದಾರರಿಗೆ ಹಿಂದಿನಿಂದ ಇರುವ ಸವಲತ್ತು ಅದು. ತಲೆಮಾರುಗಳಿಂದ ಅನುಭವಿಸಿಕೊಂಡು ಬಂದಿರುತ್ತಾರೆ, ಹಾಗಾಗಿ ತಮ್ಮದೇ ಅಂದುಕೊಂಡಿರುತ್ತಾರೆ. ಜಾಗ ಮಾತ್ರ ಸರ್ಕಾರದ್ದು, ಮಾರುವ ಹಾಗಿಲ್ಲ. ನಾಲ್ಕನೇ ಲೇಔಟ್‌ನಲ್ಲಿ ಸೈಟ್ ಒಳ್ಳೆಯದಿತ್ತು, ಕಾಗದವೂ ಸರಿ ಇತ್ತು. ನಾನು ಮೊಬೈಲ್‌ನಲ್ಲಿ ದಿಶಾಂಕ್ ಆ್ಯಪ್ ತೆರೆದು ಮುಖ್ಯರಸ್ತೆಯಿಂದ ಒಳಗೆ ನಡೆದುಕೊಂಡು ಹೋದೆ. ನಿಂತಲ್ಲಿಯ ಸರ್ವೆ ನಂಬರ್ ಅದು ತೋರಿಸುತ್ತದೆ, ಕೆಲವು ಮೀಟರ್ ಆಚೀಚೆ ಆಗಬಹುದು. ಸುಮಾರು ನಲವತ್ತು ಹೆಜ್ಜೆಯವರೆಗೆ ರಸ್ತೆಯ ಸರ್ವೆ ನಂಬರ್ ಬೇರೆಯೇ ಬರುತ್ತಿತ್ತು. ಗ್ರಾಮ ಆಡಳಿತಾಧಿಕಾರಿಯವರ ಹತ್ತಿರ ಹೋಗಿ ಕೇಳಿದರೆ ಅದು ಸರ್ಕಾರಿ, ಕುಮ್ಕಿ. ಅಂದರೆ ಲೇಔಟ್ ವರ್ಗ ಜಾಗದಲ್ಲಿ, ಅದಕ್ಕೆ ಹೋಗುವ ದಾರಿ ಕುಮ್ಕಿಯಲ್ಲಿ. ಮನೆಗೆ ಹೋಗುವ ದಾರಿಯೇ ನಮ್ಮ ಹಕ್ಕಿನದ್ದಲ್ಲದಿದ್ದರೆ ಸೈಟ್ ಎಷ್ಟು ಚಂದ ಇದ್ದು ಏನು ಪ್ರಯೋಜನ?

ಐದನೆಯದು ಕುಡುಪು ಕಡೆ, ಗುಡ್ಡದ ತಲೆಯಲ್ಲೂ ಅಲ್ಲ, ಬೈಲಿನಲ್ಲೂ ಅಲ್ಲ, ನಡುವಿನ ಇಳಿಜಾರು. ಮೊದಲು ಗೇರು ತೋಪು ಆಗಿತ್ತು. ಮೂಲೆಯಲ್ಲಿ ಮುರಕಲ್ಲಿನ ಪಾದೆ ಹೊರಗೇ ಕಾಣುತ್ತಿತ್ತು. ಆಕಾರ ಸ್ವಲ್ಪ ಸೊಟ್ಟ, ಮುಖ ಉತ್ತರಕ್ಕೆ, ಅತ್ತೆಗೆ ಅದು ಸಮಾಧಾನ ಇರಲಿಲ್ಲ. ಆಟಿಯಲ್ಲಿ ನೋಡಿದಾಗ ರಸ್ತೆ ಬದಿಯ ಕಣಿಯಲ್ಲಿ ನೀರು ಸರಾಗ ಇಳಿಯುತ್ತಿತ್ತು, ಸೈಟ್‌ನಲ್ಲಿ ಎಲ್ಲೂ ನಿಂತಿರಲಿಲ್ಲ. ಆದರೂ ತಕ್ಷಣ ತಗೊಳ್ಳಲಿಲ್ಲ. ಇಷ್ಟು ಮಳೆ ಬೀಳುವ ನಮ್ಮ ಊರಲ್ಲೇ ಏಪ್ರಿಲ್ ಬಂದರೆ ಎತ್ತರದ ಬಾವಿಗಳು ಬತ್ತುತ್ತವೆ, ಟ್ಯಾಂಕರ್ ಬರುತ್ತದೆ. 2024ರ ಏಪ್ರಿಲ್ ಕೊನೆಯ ವಾರ ಸುತ್ತಲಿನ ಮೂರು ಮನೆಗಳಿಗೆ ಹೋಗಿ ಬಾವಿ ಇಣುಕಿದೆ. ಎರಡರಲ್ಲಿ ಕೊಡಪಾನ ಪೂರ್ತಿ ಮುಳುಗುವಷ್ಟು ನೀರಿತ್ತು. ಮೂರನೆಯದು ನಮ್ಮ ಸೈಟ್‌ಗಿಂತ ಎತ್ತರದಲ್ಲಿದ್ದದ್ದು, ಬತ್ತಿತ್ತು. ಮೇ ತಿಂಗಳಲ್ಲಿ ರಿಜಿಸ್ಟ್ರೇಷನ್ ಮಾಡಿಸಿದೆವು.

ಮರುವರ್ಷ ಏಪ್ರಿಲ್‌ನಲ್ಲಿ, ಮನೆಗೆ ಕಲ್ಲು ಹಾಕುವ ಮೊದಲು, ಬಾವಿ ತೋಡಿಸಿದೆವು. ಮುರಕಲ್ಲು ಕಡಿದು ಕಡಿದು ಮೂವತ್ತೆರಡು ಅಡಿಗೆ ಬಂದಾಗ ಕೆಳಗಿದ್ದವರು "ಒಸರು ಬಂತು ಅಕ್ಕ" ಅಂತ ಕೂಗಿದರು. ಅತ್ತೆ ಆ ನೀರನ್ನು ಒಂದು ಲೋಟದಲ್ಲಿ ತರಿಸಿ, ಮಣ್ಣು ಕೆಳಗೆ ಕೂರುವವರೆಗೆ ಕಾದು, ಮೇಲಿನದ್ದನ್ನು ಮಾತ್ರ ಮೆಲ್ಲ ಬಗ್ಗಿಸಿ ಕುಡಿದರು.